ಪೂಜೆಯ ಹೊತ್ತಿನ ನಾಡಿ

ತೂಕ ಮತ್ತು ಅಳತೆಯ ಇಲಾಖೆಯಲ್ಲಿ ಇನ್‌ಸ್ಪೆಕ್ಟರ್ ಆಗಿ ಆಯುಷ್ಯ ಕಳೆದವನಿಗೆ ಯಾವ ಯಂತ್ರದ ಮೇಲೂ ನಂಬಿಕೆ ಇರುವುದಿಲ್ಲ. ಇರಲೂಬಾರದು. ಸರ್ಕಾರ ನನಗೆ ಸಂಬಳ ಕೊಟ್ಟದ್ದೇ ಅನುಮಾನ ಪಡುವುದಕ್ಕೆ. ಬಳ್ಳಾರಿಯ ಪೆಟ್ರೋಲ್ ಬಂಕು, ಸಿರುಗುಪ್ಪದ ರೈಸ್ ಮಿಲ್ಲು, ಕುರುಗೋಡಿನ ಕಿರಾಣಿ ಅಂಗಡಿ, ಎಲ್ಲಿಗೆ ಹೋದರೂ ಮಾಲೀಕರು ಮೊದಲು ಚಹಾ ತರಿಸುತ್ತಿದ್ದರು, ನಾನು ಮೊದಲು ತಕ್ಕಡಿ ನೋಡುತ್ತಿದ್ದೆ. ಚಹಾ ಎಷ್ಟು ಬೇಗ ಬಂತೋ ತಕ್ಕಡಿಯಲ್ಲಿ ಅಷ್ಟು ದೋಷ ಇದೆ ಎಂದು ನನ್ನ ಲೆಕ್ಕ. ಆ ಲೆಕ್ಕ ತಪ್ಪಿದ್ದು ಕಡಿಮೆ.

ಸಿರುಗುಪ್ಪದ ಮಿಲ್ಲುಗಳಲ್ಲಿ ಭತ್ತದ ಚೀಲ ತೂಗುವ ದೊಡ್ಡ ಕಾಟಾಗಳಿರುತ್ತವೆ. ಕಾಟಾದ ನಡುವೆ ತೂಕದ ಕಲ್ಲು ಇಟ್ಟರೆ ಸತ್ಯಹರಿಶ್ಚಂದ್ರನ ಹಾಗೆ ಸರಿಯಾದ ತೂಕ ತೋರಿಸುತ್ತದೆ. ಅದೇ ಕಲ್ಲನ್ನು ಮೂಲೆಗೆ ಸರಿಸಿದರೆ ಗುಟ್ಟು ರಟ್ಟಾಗುತ್ತದೆ. ಆದ್ದರಿಂದ ನಾಲ್ಕೂ ಮೂಲೆಗೆ ಕಲ್ಲು ಇಟ್ಟು ನೋಡಬೇಕು. ಒಂದು ಸಲ ತೂಗಿದ್ದು ತೂಕವಲ್ಲ. ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡು ಅಂತ ಹಿರಿಯರು ಸುಮ್ಮನೆ ಹೇಳಲಿಲ್ಲ. ನಾನು ಈ ಮಾತನ್ನು ಆಫೀಸಿನಲ್ಲಿ ಪಾಲಿಸಿದೆ, ಮನೆಯಲ್ಲಿಯೂ ಪಾಲಿಸಿದೆ. ಹಾಲಿನವನು, ತರಕಾರಿಯವಳು, ಗ್ಯಾಸಿನ ಸಿಲಿಂಡರು, ನೀರಿನ ಮೀಟರು, ಯಾರನ್ನೂ ಯಾವುದನ್ನೂ ಬಿಡಲಿಲ್ಲ. ನಿವೃತ್ತಿಯಾದ ಮೇಲಂತೂ ನನ್ನ ತಪಾಸಣೆ ಪೂರ್ತಿ ಮನೆಯ ಮೇಲೇ ಬಿತ್ತು.

ಇಂಥವನ ಕೈಗೆ ನನ್ನ ಮಗಳು ಒಂದು ಗಡಿಯಾರ ಕಟ್ಟಿದಳು.

ಅದಕ್ಕೆ ಕಾರಣ ನನ್ನ ಅಣ್ಣ. ಕುರುಗೋಡಿನಲ್ಲಿ ಇರುವ ಅಣ್ಣ ಒಂದು ದಿನ ಮಧ್ಯಾಹ್ನ ಊಟಕ್ಕೆ ಕೂತವನು ತುತ್ತು ಎತ್ತಲಾಗದೆ ಕೂತಲ್ಲೇ ವಾಲಿದ. ಬಲಗೈ ಹೋಯಿತು, ಮಾತು ಹೋಯಿತು. ಈಗ ನಾವು ಹೋದರೆ ಕಣ್ಣಲ್ಲಿ ಗುರುತು ಹಿಡಿಯುತ್ತಾನೆ, ಬಾಯಿಂದ ಒಂದೇ ಶಬ್ದ ಬರುತ್ತದೆ. ಹೋಗಿ ಅನ್ನುವುದಕ್ಕೂ ಅದೇ, ಕೂತುಕೊಳ್ಳಿ ಅನ್ನುವುದಕ್ಕೂ ಅದೇ. ಲಕ್ವ ಹೊಡೆದದ್ದು ಮೆದುಳಿಗೆ, ಆದರೆ ಬೇರು ಇದ್ದದ್ದು ಹೃದಯದಲ್ಲಿ ಎಂದು ಡಾಕ್ಟರು ಹೇಳಿದರು. ಅವನ ಎದೆ ಆಗಾಗ ತಾಳ ತಪ್ಪಿ ಬಡಿಯುತ್ತಿತ್ತಂತೆ. ಹಾಗೆ ತಪ್ಪಿದಾಗ ಒಳಗೆ ರಕ್ತ ನಿಂತು ಹೆಪ್ಪುಗಟ್ಟುತ್ತದೆ, ಆ ಗಂಟು ಹರಿದುಕೊಂಡು ಹೋಗಿ ಮೆದುಳಿನ ದಾರಿಗೆ ಅಡ್ಡ ಬೀಳುತ್ತದೆ. ಮೊದಲೇ ಗೊತ್ತಾಗಿದ್ದರೆ ರಕ್ತ ತೆಳುವಾಗಿಸುವ ಗುಳಿಗೆಯಲ್ಲಿ ತಡೆಯಬಹುದಿತ್ತು ಎಂದರು. ಅವನಿಗೆ ಗೊತ್ತೇ ಆಗಿರಲಿಲ್ಲ. ಆ ರೋಗ ಬಹಳ ಜನರಿಗೆ ಗೊತ್ತಾಗುವುದಿಲ್ಲವಂತೆ, ಬಂದು ಹೋಗುತ್ತಿರುತ್ತದೆ.

ಮಗಳು ಸಿರುಗುಪ್ಪದಲ್ಲಿ ಹೈಸ್ಕೂಲು ಟೀಚರು. ದೊಡ್ಡಪ್ಪನನ್ನು ನೋಡಿ ಬಂದ ವಾರದಲ್ಲೇ ಬಸ್ಸು ಹತ್ತಿ ಬಳ್ಳಾರಿಗೆ ಬಂದಳು. ಚೀಲದಿಂದ ಒಂದು ಡಬ್ಬಿ ತೆಗೆದು ನನ್ನ ಮುಂದೆ ಇಟ್ಟಳು.

"ಅಪ್ಪಾ, ದೊಡ್ಡಪ್ಪಗ ಆಗಿದ್ದು ನಿಮಗ ಆಗಬಾರದು. ಇದನ್ನ ಕಟ್ಕೊಳ್ರಿ. ಎದಿ ತಾಳ ತಪ್ಪಿದ್ರ ಇದು ಹೇಳ್ತೈತಿ."

"ನನ್ನ ಎದಿ ನನಗ ಹೇಳಂಗಿಲ್ಲೇನು? ನಡುವ ಇದ್ಯಾವ ದಲ್ಲಾಳಿ?"

"ದೊಡ್ಡಪ್ಪಗ ಹೇಳ್ತೇನು?"

ಉತ್ತರ ಇಲ್ಲದಾಗ ನಾನು ಯಂತ್ರವನ್ನು ಪರೀಕ್ಷಿಸುತ್ತೇನೆ. ಗಡಿಯಾರದ ಹೊಟ್ಟೆಯ ಕೆಳಗೆ ಹಸಿರು ದೀಪ ಮಿಣುಕುತ್ತಿತ್ತು. ಆ ಬೆಳಕು ಚರ್ಮದ ಕೆಳಗೆ ಹರಿಯುವ ರಕ್ತದ ಏರಿಳಿತ ನೋಡಿ ನಾಡಿ ಲೆಕ್ಕ ಹಾಕುತ್ತದೆ, ಕೈ ಅಲುಗದೆ ಇದ್ದಾಗ ಚೆನ್ನಾಗಿ ನೋಡುತ್ತದೆ ಎಂದು ಮಗಳು ಪಾಠ ಮಾಡಿದಳು. ಪಕ್ಕದ ಗುಂಡಿಗೆ ಇನ್ನೊಂದು ಕೈಯ ಬೆರಳು ಒತ್ತಿ ಹಿಡಿದರೆ ಆಸ್ಪತ್ರೆಯ ಇಸಿಜಿಯ ಹಾಗೆ ಗೆರೆಯನ್ನೂ ಬರೆಯುತ್ತದಂತೆ. ನನ್ನ ಹೆಸರು, ವಯಸ್ಸು, ತೂಕ, ಎಲ್ಲವನ್ನೂ ಫೋನಿನಲ್ಲಿ ತುಂಬಿದಳು. ಕೊನೆಗೆ ಮೆಲ್ಲಗೆ ಒಂದು ಮಾತು ಸೇರಿಸಿದಳು: ನನ್ನ ನಾಡಿಯ ಸುದ್ದಿ ಅವಳ ಫೋನಿಗೂ ಹೋಗುತ್ತದೆ.

ಅಲ್ಲಿಗೆ ನನಗೆ ತಿಳಿಯಿತು, ಇದು ಗಡಿಯಾರವಲ್ಲ, ಗೂಢಚಾರ. ನಾನು ಎಷ್ಟು ನಡೆದೆ, ಎಷ್ಟೊತ್ತಿಗೆ ಮಲಗಿದೆ, ಯಾರ ಮೇಲೆ ಸಿಟ್ಟಾಗಿ ನಾಡಿ ಏರಿತು, ಎಲ್ಲ ಸಿರುಗುಪ್ಪಕ್ಕೆ ವರದಿ. ಆ ಕಂಪನಿಯವರು ಇನ್ನೂ ಎಲ್ಲೆಲ್ಲಿಗೆ ಕಳಿಸುತ್ತಾರೋ ದೇವರಿಗೇ ಗೊತ್ತು. ಹೆಂಡತಿಯ ಮುಂದೆ ಇದನ್ನೆಲ್ಲ ಆಡಿಕೊಂಡೆ. ಆಕೆ ಕೊಳಗಲ್ಲು ಊರಿನ ಮಗಳು, ಮಾತು ಕಡಿಮೆ. "ಮಗಳು ಕಾಳಜಿಲೆ ತಂದಾಳ, ಸುಮ್ಮ ಕಟ್ಕೊಳ್ರಿ" ಎಂದು ಅಡುಗೆ ಮನೆಗೆ ಹೋದಳು. ಸುಮ್ಮನೆ ಕಟ್ಟಿಕೊಂಡೆ.

ತೊಂದರೆ ಶುರುವಾದದ್ದು ಪೂಜೆಯ ಹೊತ್ತಿನಲ್ಲಿ.

ನಮ್ಮಲ್ಲಿ ಮುಂಜಾನೆ ಸ್ನಾನವಾದ ಮೇಲೆ ಕೊರಳಲ್ಲಿನ ಇಷ್ಟಲಿಂಗವನ್ನು ಕರಡಿಗೆಯಿಂದ ತೆಗೆದು ಎಡ ಅಂಗೈಯಲ್ಲಿ ಇಟ್ಟುಕೊಂಡು ಪೂಜೆ ಮಾಡುತ್ತೇವೆ. ಬಲಗೈ ನೀರು ಎರೆಯಬೇಕು, ವಿಭೂತಿ ಹಚ್ಚಬೇಕು, ಪತ್ರೆ ಏರಿಸಬೇಕು. ಎಡಗೈಯೇ ಲಿಂಗಕ್ಕೆ ಪೀಠ. ಆ ಕೈಗೆ ಬೆವರಿನ ಪಟ್ಟಿ ಕಟ್ಟಿಕೊಂಡು, ಅದರ ಮೇಲೆ ಹಸಿರು ದೀಪ ಮಿಣುಕಿಸುತ್ತ ಕೂಡಲು ನನಗೆ ಮನಸ್ಸು ಒಪ್ಪಲಿಲ್ಲ. ಸ್ನಾನಕ್ಕೆ ಹೋಗುವಾಗಲೇ ಗಡಿಯಾರ ಬಿಚ್ಚಿ ಪೂಜೆಯ ಕೋಣೆಯ ಹೊರಗಿನ ಗೂಡಿನಲ್ಲಿ ಇಡುತ್ತಿದ್ದೆ. ನನ್ನ ಪೂಜೆ ಬೇಗ ಮುಗಿಯುವುದಲ್ಲ. ದೃಷ್ಟಿ ಇಟ್ಟು ಕೂತರೆ ಬೀದಿಯಲ್ಲಿ ಜೀನ್ಸ್ ಹೊಲಿಯುವ ಮಷಿನುಗಳು ಶುರುವಾಗುವ ತನಕ ಏಳುತ್ತಿರಲಿಲ್ಲ.

ಅಷ್ಟು ಹೊತ್ತು ಗಡಿಯಾರ ಖಾಲಿ. ಮಗಳ ಫೋನಿಗೆ ಅದು ಗೊತ್ತಾಗುತ್ತಿತ್ತು. ನಾನು ಕಣ್ಣು ನೆಟ್ಟು ಕೂತಿರುವಾಗ ಹೊರಗೆ ಫೋನು ಹೊಡೆದುಕೊಳ್ಳುತ್ತಿತ್ತು. ಹೆಂಡತಿ ಎತ್ತುತ್ತಿದ್ದಳು. "ವಾಚ್ ಬಿಚ್ಚಿಟ್ಟಾರೇನು? ದೊಡ್ಡಪ್ಪಗ ಆಗಿದ್ದು ಮುಂಜಾನಿ ಆದ್ರ ಏನು ಮಾಡ್ತಿ?" ಎಂದು ಮಗಳ ದನಿ ನನ್ನ ತನಕ ಕೇಳುತ್ತಿತ್ತು. ನಾನು ಒಳಗಿನಿಂದಲೇ ಗುಡುಗುತ್ತಿದ್ದೆ. ಲಿಂಗ ಕೈಯಲ್ಲಿ ಇಟ್ಟುಕೊಂಡು ಸಿಟ್ಟಾಗಬಾರದು, ಆಗುತ್ತಿದ್ದೆ. ತಾಯಿ ಮಗಳ ನಡುವೆ, ಗಂಡ ಹೆಂಡತಿಯ ನಡುವೆ ದಿನಾ ಬೆಳಗ್ಗೆ ಇದೇ ರಾಮಾಯಣ. ಆಮೇಲೆ ಒಂದು ದಿನ ಫೋನು ಬರಲಿಲ್ಲ. ಮರುದಿನವೂ ಬರಲಿಲ್ಲ. ಮಗಳಿಗೆ ಬುದ್ಧಿ ಬಂತು ಅಂದುಕೊಂಡೆ. ಜಗತ್ತಿನ ಸಮಸ್ತವನ್ನೂ ಅನುಮಾನಿಸುವ ನನಗೆ ಅದೊಂದರ ಮೇಲೆ ಅನುಮಾನ ಬರಲಿಲ್ಲ. ಅನುಕೂಲವಾದದ್ದನ್ನು ಯಾರೂ ತಪಾಸಣೆ ಮಾಡುವುದಿಲ್ಲ.

ಒಂದು ಸಣ್ಣ ವಿಷಯ ಮಾತ್ರ ಗಮನಕ್ಕೆ ಬಂದಿತ್ತು. ಪೂಜೆ ಮುಗಿಸಿ ಗೂಡಿನಿಂದ ಗಡಿಯಾರ ತೆಗೆದುಕೊಂಡಾಗ ಪಟ್ಟಿ ಬೆಚ್ಚಗಿರುತ್ತಿತ್ತು. ಬ್ಯಾಟರಿ ಒಳಗೊಳಗೇ ಕಾಯುತ್ತಿದೆ, ಒಂದು ದಿನ ಸಿಡಿಯುತ್ತದೆ ಎಂದು ಬಗೆದೆ. ಅದನ್ನೂ ಕಂಪನಿಯ ಖಾತೆಗೇ ಬರೆದೆ.

ಹೀಗಿರುವಾಗ ಒಂದು ದಿನ ನಾನು ಉಪ್ಪಿಟ್ಟು ತಿನ್ನುತ್ತಿದ್ದಾಗ ಮಗಳ ಫೋನು ಬಂತು. ಗಡಿಯಾರ ಸಂದೇಶ ಕಳಿಸಿದೆ, ಬಡಿತದ ಲಯ ತಪ್ಪಿದೆ, ವೈದ್ಯರನ್ನು ನೋಡಿ ಎಂದಿದೆ. "ಎದಿ ಏನರ ಹಾರಿದಂಗ ಆಗತೈತೇನು? ಉಸುರು?" ಎಂದು ಕೇಳಿದಳು. ನನಗೆ ಏನೂ ಆಗುತ್ತಿರಲಿಲ್ಲ, ಉಪ್ಪಿಟ್ಟಿಗೆ ಉಪ್ಪು ಕಡಿಮೆಯಾಗಿತ್ತು ಅಷ್ಟೆ. ಆದರೂ ಆ ಮಾತು ಕಿವಿಗೆ ಬಿದ್ದ ಮೇಲೆ ಎದೆಯ ಮೇಲೆ ಕೈ ಇಟ್ಟುಕೊಂಡೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ. ಅಣ್ಣನ ವಾಲಿದ ಮುಖ ಕಣ್ಣ ಮುಂದೆ ಬಂತು. ಸುಳ್ಳು ಯಾಕೆ ಹೇಳಲಿ, ಹೆದರಿದೆ.

ಮಗಳು ರಜೆ ಹಾಕಿ ಬಂದು ನನ್ನನ್ನು ಆಟೋದಲ್ಲಿ ಕೂರಿಸಿಕೊಂಡು ಹೃದಯದ ಡಾಕ್ಟರ ಬಳಿ ಒಯ್ದಳು. ಇಸಿಜಿ ತೆಗೆದರು. ಗೆರೆ ನೆಟ್ಟಗಿತ್ತು. "ಈಗ ಸರಿ ಇದೆ" ಎಂದರು ಡಾಕ್ಟರು. "ಆದರೆ ಇದು ಬಂದು ಹೋಗುವ ಜಾತಿಯ ರೋಗ. ಬಂದಾಗ ಹಿಡಿದರೆ ಸಿಕ್ಕಿತು, ಇಲ್ಲದಿದ್ದರೆ ಇಲ್ಲ. ಸಿಗಲಿಲ್ಲ ಅಂದ ಮಾತ್ರಕ್ಕೆ ಇಲ್ಲ ಅಂತಲ್ಲ." ನನಗೆ ಅವರ ಮೇಲೂ ಅನುಮಾನ ಹುಟ್ಟಿತು. ಸಿಕ್ಕರೆ ರೋಗಿ, ಸಿಗದಿದ್ದರೂ ರೋಗಿ. ನನ್ನ ಇಲಾಖೆಯಲ್ಲಿ ಹೀಗೆ ಕೇಸು ಹಾಕಿದ್ದರೆ ಮೊದಲ ದಿನವೇ ಮನೆಗೆ ಕಳಿಸುತ್ತಿದ್ದರು.

ಗಡಿಯಾರವನ್ನು ನಾನೇ ಪರೀಕ್ಷಿಸಬೇಕು ಅನ್ನಿಸಿತು. ಕೌಲ್ ಬಜಾರಿನಲ್ಲಿ ತಕ್ಕಡಿ ರಿಪೇರಿ ಮಾಡುವ ಸಾಹೇಬರೊಬ್ಬರು ಇದ್ದಾರೆ, ನನ್ನ ಹಳೆಯ ಸ್ನೇಹಿತರು. ನಾನು ದೋಷ ಹಿಡಿದ ತಕ್ಕಡಿಗಳೆಲ್ಲ ಅವರ ಅಂಗಡಿಗೆ ಹೋಗುತ್ತಿದ್ದವು, ಹಾಗಾಗಿ ನನ್ನ ಮೇಲೆ ಅವರಿಗೆ ಪ್ರೀತಿ. ಗಡಿಯಾರ ಬಿಚ್ಚಿ ಅವರ ಕೈಗೆ ಕಟ್ಟಿದೆ. ಬೆರಳು ಒತ್ತಿ ಹಿಡಿಯಲು ಹೇಳಿದೆ. ಗೆರೆ ಸರಿ ಬಂತು. ನಾನು ಕಟ್ಟಿಕೊಂಡು ಒತ್ತಿದೆ. ಅದೂ ಸರಿ. ಎಡಗೈ, ಬಲಗೈ, ನಿಂತು, ಕೂತು, ನಾಲ್ಕೂ ಮೂಲೆಗೆ ಕಲ್ಲು ಇಟ್ಟು ನೋಡಿದೆ. ಎಲ್ಲಾ ಸರಿ.

ಸಾಹೇಬರು ನಕ್ಕರು. "ಸರ್ವೀಸಿನಾಗ ನಮ್ಮ ತಕ್ಕಡಿ ಮ್ಯಾಲೆ ಕೇಸ್ ಹಾಕಿದ್ರಿ. ಈಗ ಸ್ವಂತ ಎದಿ ಮ್ಯಾಲೆ ಹಾಕಾಕ ಹೊಂಟೀರೇನ್ರಿ ಸರ?"

"ಎದಿ ಮ್ಯಾಲೆ ಅಲ್ಲ, ಇದರ ಮ್ಯಾಲೆ. ಒಂದು ಸಲ ತಪ್ಪು ತೋರಿಸಿದ್ದು ಇನ್ನೊಂದು ಸಲ ತೋರಸ್ತೈತಿ. ಅವತ್ತು ಹಿಡೀತೀನಿ."

ತೋರಿಸಿತು. ಮತ್ತೊಂದು ಸಂದೇಶ ಬಂತು. ಈ ಸಲ ಡಾಕ್ಟರು ಎದೆಗೆ ವೈರು ಅಂಟಿಸಿ ಸೊಂಟಕ್ಕೆ ಒಂದು ಪೆಟ್ಟಿಗೆ ಕಟ್ಟಿ ಕಳಿಸಿದರು. ಹೋಲ್ಟರ್ ಅಂತ ಅದರ ಹೆಸರು. ಒಂದು ಹಗಲು ಒಂದು ರಾತ್ರಿ ಪ್ರತಿ ಬಡಿತವನ್ನೂ ಬರೆದುಕೊಳ್ಳುತ್ತದೆ. ವೈರು ಅಂಟಿಸುವ ಹುಡುಗಿ ಕೊರಳಿನ ದಾರ ತೆಗೆಯಿರಿ ಎಂದು ತೆಲುಗಿನಲ್ಲಿ ಹೇಳಿದಳು. ಇದು ತೆಗೆಯುವುದಲ್ಲಮ್ಮ ಎಂದು ನಾನೂ ತೆಲುಗಿನಲ್ಲೇ ಹೇಳಿದೆ. ಆಕೆ ಕರಡಿಗೆಯನ್ನು ಭುಜದ ಕಡೆ ಸರಿಸಿ ಜಾಗ ಮಾಡಿಕೊಂಡಳು. ವೈರು ಸಮೇತ ಮನೆಗೆ ಬಂದೆ. ಮರುದಿನ ಬೆಳಗ್ಗೆ ವೈರು ನೆನೆಯದ ಹಾಗೆ ಕೈಕಾಲು ಮುಖ ತೊಳೆದು, ಮೈ ಒರೆಸಿಕೊಂಡು ಪೂಜೆಗೆ ಕೂತೆ. ಆ ಪೆಟ್ಟಿಗೆ ಸೊಂಟದಲ್ಲಿತ್ತು, ಗಡಿಯಾರ ಎಂದಿನಂತೆ ಗೂಡಿನಲ್ಲಿತ್ತು.

ಹೋಲ್ಟರ್ ವರದಿ ಬಂದ ಭಾನುವಾರ ಮಗಳು ಮನೆಗೆ ಬಂದಿದ್ದಳು. ವರದಿ ಸ್ವಚ್ಛವಾಗಿತ್ತು, ಒಂದು ಬಡಿತವೂ ಆಚೀಚೆ ಆಗಿರಲಿಲ್ಲ. ಮಗಳು ಸಮಾಧಾನ ಪಡುವ ಬದಲು ತನ್ನ ಫೋನು ನೋಡುತ್ತ ಹುಬ್ಬು ಗಂಟಿಕ್ಕಿದಳು.

"ಅಪ್ಪಾ, ಇದು ವಿಚಿತ್ರ ಐತಿ. ಆ ಪೆಟಗಿ ಕಟ್ಟಿದ್ದ ಮುಂಜಾನಿನೂ ವಾಚ್ ಸಂದೇಶ ಕಳಿಸೈತಿ. ಪೆಟಗಿ ಹೆಂಗೂ ಬರಕೊಳ್ತೈತಿ ಅಂತ ಆವತ್ತು ನಾ ಫೋನ್ ಮಾಡಲಿಲ್ಲ."

ನಾನು ಎದ್ದು ನಿಂತೆ. ಒಂದೇ ಎದೆ, ಎರಡು ಯಂತ್ರ, ಒಂದೇ ಬೆಳಗು. ಒಂದು ಸರಿ ಎನ್ನುತ್ತದೆ, ಒಂದು ತಪ್ಪು ಎನ್ನುತ್ತದೆ. ಎರಡು ತಕ್ಕಡಿ ಒಂದೇ ಚೀಲಕ್ಕೆ ಬೇರೆ ಬೇರೆ ತೂಕ ತೋರಿಸಿದರೆ ಎರಡರಲ್ಲಿ ಒಂದು ಕಳ್ಳ. ಎಷ್ಟು ಹೊತ್ತಿಗೆ ಬಂದದ್ದು ನೋಡು ಅಂದೆ. ಅವಳು ನೋಡಿದಳು. ಮುಂಜಾನೆ, ಪೂಜೆಯ ಹೊತ್ತು. ಹಿಂದಿನ ಎರಡೂ ನೋಡು ಅಂದೆ. ಅವೂ ಅದೇ ಹೊತ್ತು.

ನನಗೆ ಆದ ಸಂತೋಷ ಹೇಳತೀರದು. ರೋಗ ಇಲ್ಲ ಅನ್ನುವ ಸಂತೋಷ ಅರ್ಧ, ಕಳ್ಳ ಸಿಕ್ಕ ಅನ್ನುವ ಸಂತೋಷ ಅರ್ಧ. ಆ ಹೊತ್ತಿನಲ್ಲಿ ಗಡಿಯಾರ ನನ್ನ ಕೈಯಲ್ಲೇ ಇರುವುದಿಲ್ಲ! ಗೂಡಿನಲ್ಲಿ ಬಿದ್ದಿರುತ್ತದೆ. ಗೂಡಿಗೆ ಎಲ್ಲಿಯ ಎದೆ, ಗೋಡೆಗೆ ಎಲ್ಲಿಯ ನಾಡಿ? ಖಾಲಿ ತಕ್ಕಡಿ ತೂಕ ತೋರಿಸುವುದು ಅಂದರೆ ಇದೇ.

"ನೋಡವ್ವಾ, ಇದು ಖಾಲಿ ಇದ್ದಾಗ ಸುಳ್ಳು ಹೇಳೈತಿ. ಇದನ್ನ ನಂಬಿ ನನ್ನ ಊರೆಲ್ಲಾ ತಿರುಗಿಸಿದಿ" ಎಂದೆ. ಮಗಳು ಒಪ್ಪುವ ಹಾಗೆ ಕಾಣಿಸಿದಳು. ಹಾಗಾದರೆ ಇದನ್ನು ಅಂಗಡಿಗೆ ವಾಪಸು ಕೊಡೋಣ ಎಂದು ಡಬ್ಬಿಯನ್ನೂ ತಂದಳು. ಅಷ್ಟಕ್ಕೇ ಬಿಟ್ಟಿದ್ದರೆ ಆಗುತ್ತಿತ್ತು. ಆದರೆ ನಮ್ಮ ಇಲಾಖೆಯಲ್ಲಿ ಒಂದು ಪದ್ಧತಿ ಇದೆ. ಯಂತ್ರ ಜಪ್ತಿ ಮಾಡುವ ಮೊದಲು ಸಾಕ್ಷಿ ಬೇಕು. ಸ್ಥಳದಲ್ಲಿ ಇದ್ದವರು ತಮ್ಮ ಬಾಯಿಂದ ಹೇಳಬೇಕು. ಹೆಂಡತಿಯನ್ನು ಕರೆದೆ. ಆಕೆ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದು ಬಾಗಿಲಲ್ಲಿ ನಿಂತಳು.

"ನಾನು ಪೂಜಾಕ್ಕ ಕುಂತಾಗ ವಾಚ್ ಎಲ್ಲಿರ್ತೈತಿ? ನಿನ್ನ ಮಗಳಿಗೆ ಹೇಳು."

ಆಕೆ ನನ್ನನ್ನು ನೋಡಿದಳು, ಮಗಳನ್ನು ನೋಡಿದಳು.

"ಗೂಡಿನ್ಯಾಗ ಇಡ್ತೀರಿ" ಎಂದಳು.

"ಕೇಳಿದೇನು?" ಎಂದೆ ಮಗಳಿಗೆ.

"ನೀವು ಒಳಗ ಹೋದ ಮ್ಯಾಲೆ ನಾನು ಕಟ್ಕೋತೀನಿ" ಎಂದಳು ಹೆಂಡತಿ.

ಆಕೆ ತಪ್ಪು ಮಾಡಿ ಸಿಕ್ಕಿಬಿದ್ದವಳ ಹಾಗೆ ಬೇಗ ಬೇಗ ಹೇಳಿದಳು. ವಾಚು ಖಾಲಿ ಇದ್ದರೆ ಮಗಳ ಫೋನು ಬರುತ್ತದೆ, ಫೋನು ಬಂದರೆ ನಾನು ಲಿಂಗ ಕೈಯಲ್ಲಿ ಇಟ್ಟುಕೊಂಡೇ ಸಿಟ್ಟಾಗುತ್ತೇನೆ. ಇಬ್ಬರನ್ನೂ ಸುಮ್ಮನಿರಿಸಲು ಆಕೆ ಕಂಡುಕೊಂಡ ಉಪಾಯ ಅದು. ಆಕೆಯ ಪೂಜೆ ನನಗಿಂತ ಮೊದಲೇ ಮುಗಿದಿರುತ್ತದೆ. ಗಡಿಯಾರ ಕೈಗೆ ಕಟ್ಟಿಕೊಂಡು ನಡುಮನೆಯಲ್ಲಿ ಕೂತು ಅಕ್ಕಿ ಆರಿಸುತ್ತಿದ್ದಳು, ಹತ್ತಿಯ ಬತ್ತಿ ಹೊಸೆಯುತ್ತಿದ್ದಳು, ಕೆಲವೊಮ್ಮೆ ಗೋಡೆಗೆ ಒರಗಿ ಸುಮ್ಮನೆ ಕೂಡುತ್ತಿದ್ದಳು. ನನ್ನ ಮಂಗಳಾರತಿಯ ಗಂಟೆ ಕೇಳಿದ ಕೂಡಲೇ ಬಿಚ್ಚಿ ಗೂಡಿಗೆ ಇಡುತ್ತಿದ್ದಳು. ಒಂದೆರಡು ಸಲ ಅದು ಕೈಯ ಮೇಲೆ ಗುರ್ ಅಂದದ್ದುಂಟು, ಇಂಗ್ಲಿಷಿನಲ್ಲಿ ಏನೋ ಬರೆದದ್ದುಂಟು. ಆಕೆಗೆ ಇಂಗ್ಲಿಷ್ ಬರುವುದಿಲ್ಲ. ನನಗೆ ಬಂದ ಮೆಸೇಜು ಅಂದುಕೊಂಡಳು.

"ಅವ್ವಾ" ಎಂದಳು ಮಗಳು. "ಡಾಕ್ಟರ ಹತ್ರ ಅಷ್ಟು ತಿರುಗಿದ್ವಿ. ಆವಾಗರ ಹೇಳಬಾರದೇನು?"

"ಅದು ನಿಮ್ಮಪ್ಪನ ವಾಚಲ್ಲೇನು? ಹೆಸರು, ವಯಸ್ಸು, ತೂಕ ಎಲ್ಲಾ ಅವರ್ದ ತುಂಬೀನಿ ಅಂತ ನೀನ ಹೇಳಿದ್ದಿ. ಯಾರು ಕಟ್ಕೊಂಡ್ರೂ ಅವರ್ದ ತೋರಸ್ತೈತಿ ಅಂತ ತಿಳಕೊಂಡಿದ್ನಿ."

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರು ಅಂತಾರಲ್ಲ, ನನಗೆ ಬರೆ ಎಳೆದಿದ್ದರು. ನಗು ಬರಬೇಕಿತ್ತು. ಬರಲಿಲ್ಲ. ನನ್ನ ಎದೆ ಅಂದುಕೊಂಡು ನಾನು ಹೆದರಿದ್ದಕ್ಕಿಂತ ಆ ಗಳಿಗೆ ಹೆಚ್ಚು ಹೆದರಿದೆ. ನನ್ನದಾದರೆ ನಾನು ವಾದ ಮಾಡುತ್ತೇನೆ, ಬೈಯುತ್ತೇನೆ. ಆಕೆ ಏನೂ ಮಾಡುವವಳಲ್ಲ. ಕುರುಗೋಡಿನ ಅಣ್ಣನ ಜಾಗದಲ್ಲಿ ಆಕೆಯನ್ನು ಕೂರಿಸಿ ನೋಡಿದೆ, ಒಂದೇ ಶಬ್ದ ಹೊರಡುವ ಬಾಯಿಯೊಂದಿಗೆ.

ಮಗಳು ಆ ಕ್ಷಣವೇ ತಾಯಿಯ ಕೈಗೆ ಗಡಿಯಾರ ಕಟ್ಟಿ ಬೆರಳು ಒತ್ತಿಸಿದಳು. ಗೆರೆ ನೆಟ್ಟಗೆ ಬಂತು. "ನೋಡ್ರಿ, ಏನೂ ಇಲ್ಲ" ಎಂದು ಹೆಂಡತಿ ಕೈ ಬಿಡಿಸಿಕೊಂಡು ಒಗ್ಗರಣೆಗೆ ಹೋದಳು. ಮಗಳಿಗೂ ಜೀವ ಬಂತು. ನನಗೆ ಬರಲಿಲ್ಲ. ಒಂದು ಸಲ ತೂಗಿದ್ದು ತೂಕವಲ್ಲ.

ಮಗಳು ಅಂದು ಸಿರುಗುಪ್ಪಕ್ಕೆ ಹೋಗದೆ ಉಳಿದಳು. ಮರುದಿನ ಬೆಳಗ್ಗೆ ನಾನು ಎಂದಿನಂತೆ ಪೂಜೆಗೆ ಕೂತೆ. ಎಂದಿನಂತೆ ಎನ್ನುವುದು ಸುಳ್ಳು. ಅಂಗೈಯಲ್ಲಿ ಲಿಂಗ ಇತ್ತು, ಕಿವಿ ನಡುಮನೆಯಲ್ಲಿತ್ತು. ಮೊರದಲ್ಲಿ ಅಕ್ಕಿ ಸರಿಯುವ ಸದ್ದು ಕೇಳುತ್ತಿತ್ತು. ಸ್ವಲ್ಪ ಹೊತ್ತಿಗೆ ಅದು ನಿಂತಿತು. ಯಾಕೆ ನಿಂತಿತು ಎಂದು ಕೇಳಲು ಬಾಯಿ ತೆರೆಯುವಷ್ಟರಲ್ಲಿ ಮಗಳು ಬಾಗಿಲಿಗೆ ಬಂದಳು. ಕೈ ಮಾಡಿ ಕರೆದಳು. ಲಿಂಗವನ್ನು ಕರಡಿಗೆಗೆ ಸೇರಿಸಿ, ಪೂಜೆ ಅರ್ಧಕ್ಕೆ ಬಿಟ್ಟು ಎದ್ದೆ. ಬುದ್ಧಿ ಬಂದಾಗಿನಿಂದ ಹಾಗೆ ಎದ್ದವನಲ್ಲ.

ಹೆಂಡತಿ ಗೋಡೆಗೆ ಒರಗಿ ಕಣ್ಣು ಮುಚ್ಚಿ ಕೂತಿದ್ದಳು. ಮಗಳು ಫೋನಿನಲ್ಲಿ ಗೆರೆ ತೋರಿಸಿದಳು. ಡಾಕ್ಟರ ವಿದ್ಯೆ ನನಗೆ ಗೊತ್ತಿಲ್ಲ, ಆದರೆ ಅಂತರ ಅಳೆಯುವುದು ಗೊತ್ತು. ಒಂದು ಬಡಿತಕ್ಕೂ ಇನ್ನೊಂದಕ್ಕೂ ನಡುವಿನ ಜಾಗ ಒಂದೂ ಸಮ ಇರಲಿಲ್ಲ. ಒಮ್ಮೆ ಎರಡು ಒತ್ತಿಕೊಂಡು, ಒಮ್ಮೆ ಬಿಟ್ಟು, ಮತ್ತೆ ಒತ್ತಿಕೊಂಡು. ನಾನು ಪಕ್ಕದಲ್ಲಿ ಕೂತು ಆಕೆಯ ಮಣಿಕಟ್ಟು ಹಿಡಿದೆ. ನನ್ನ ಬೆರಳಿನ ಕೆಳಗೆ ಅದು ತಡವರಿಸುತ್ತಿತ್ತು. ಇಷ್ಟು ವರ್ಷದ ಸಂಸಾರದಲ್ಲಿ ಆಕೆಯ ನಾಡಿ ನಾನು ಹಿಡಿದು ನೋಡಿದ್ದು ಅದೇ ಮೊದಲು.

"ಬಿಡ್ರಿ, ಕೈಗೆಲ್ಲಾ ಅಕ್ಕಿ ಧೂಳೈತಿ" ಎಂದಳು.

ಬಿಡಲಿಲ್ಲ. ಆಟೋ ಬರುವ ತನಕ ಹಿಡಿದೇ ಕೂತೆ.

ಆಸ್ಪತ್ರೆಯಲ್ಲಿ ಮೇಜಿನ ಮೇಲೆ ಮಲಗಿಸಿ ಇಸಿಜಿ ತೆಗೆದಾಗಲೂ ಅದು ಇನ್ನೂ ನಿಂತಿರಲಿಲ್ಲ, ಕಾಗದದ ಮೇಲೆ ಸಿಕ್ಕಿತು. ಡಾಕ್ಟರು ಕಾಗದವನ್ನು ಬೆಳಕಿಗೆ ಹಿಡಿದು ನೋಡಿ, ಇದೇ ಏಟ್ರಿಯಲ್ ಫಿಬ್ರಿಲೇಶನ್, ಎದೆ ತಾಳ ತಪ್ಪಿ ಬಡಿಯುವ ರೋಗ ಎಂದರು. ಗಡಿಯಾರದ ಕಥೆ ಕೇಳಿ ಅವರಿಗೂ ನಗಬೇಕೋ ಬೇಡವೋ ತಿಳಿಯಲಿಲ್ಲ. ಗಡಿಯಾರ ಹೇಳಿದ್ದನ್ನೇ ತೀರ್ಪು ಅಂದುಕೊಳ್ಳಬಾರದು, ಅದು ತಪ್ಪುವುದೂ ಉಂಟು, ಆದರೆ ಈ ಸಲ ಸುಳ್ಳು ಹೇಳಿಲ್ಲ ಎಂದರು. ರಕ್ತ ತೆಳುವಾಗಿಸುವ ಗುಳಿಗೆ ಇವತ್ತೇ ಶುರು ಮಾಡಬೇಕು, ಬಿಡದೆ ತಗೊಳ್ಳಬೇಕು, ಲಕ್ವ ಹೊಡೆಯುವ ಭಯವನ್ನು ಅದು ಬಹಳಷ್ಟು ತಗ್ಗಿಸುತ್ತದೆ ಎಂದರು. ಮಗಳು ತಾಯಿಯ ಬೆನ್ನ ಮೇಲೆ ಕೈ ಇಟ್ಟು ನಿಂತಿದ್ದಳು. ನನಗೆ ಉಸಿರು ಬಂತು. ತಡವಾಗಿರಲಿಲ್ಲ.

ಆಮೇಲೆ ಡಾಕ್ಟರು ಪೆನ್ನು ಹಿಡಿದು ಎಲ್ಲರನ್ನೂ ಕೇಳುವ ಪ್ರಶ್ನೆ ಕೇಳಿದರು. "ಎದೆ ಹಾರಿದ ಹಾಗೆ, ಸುಸ್ತು, ಹೀಗೆಲ್ಲ ಯಾವಾಗಿನಿಂದ ಆಗುತ್ತಿದೆಯಮ್ಮ?"

ಹೆಂಡತಿ ರೂಢಿಯಂತೆ ನನ್ನ ಕಡೆ ತಿರುಗಿದಳು. ಬ್ಯಾಂಕಿನಲ್ಲಿ, ಆಫೀಸಿನಲ್ಲಿ, ಎಲ್ಲಿ ಏನು ಕೇಳಿದರೂ ಆಕೆಯ ಪರವಾಗಿ ಉತ್ತರ ಕೊಡುವವನು ನಾನು. ನಾನು ಮೇಜಿನ ಮೇಲಿನ ಇಸಿಜಿ ಕಾಗದ ನೋಡುತ್ತ ಕೂತೆ. ಆಕೆ ತಾನೇ ಹೇಳಿದಳು.

"ಭಾಳ ದಿನ ಆತ್ರಿ. ನಮ್ಮ ಭಾವರಿಗೆ ಲಕ್ವ ಹೊಡಿಯೋಕ್ಕಿಂತ ಮೊದಲಿಂದ."

"ಅಷ್ಟು ದಿನದಿಂದ ಯಾರಿಗೂ ಹೇಳಲಿಲ್ಲವೇ?"

"ಇವರಿಗೆ ಹೇಳಿದ್ನಿರಿ. ಇವರು ನಂಬಲಿಲ್ಲ."

ಆಕೆಯ ದನಿಯಲ್ಲಿ ದೂರು ಇರಲಿಲ್ಲ. ಪೇಟೆಯಲ್ಲಿ ಇವತ್ತು ಸೊಪ್ಪು ಸಿಗಲಿಲ್ಲ ಎನ್ನುವ ಹಾಗೆ ಹೇಳಿದಳು. ನನಗೆ ನೆನಪಾಯಿತು. ಅಣ್ಣನ ಮೊಮ್ಮಗನ ತೊಟ್ಟಿಲ ಕಾರ್ಯಕ್ಕೆ ಕುರುಗೋಡಿಗೆ ಹೊರಟ ದಿನ, ಬಳ್ಳಾರಿಯ ಬಸ್ ಸ್ಟ್ಯಾಂಡಿನ ಕಟ್ಟೆಯ ಮೇಲೆ ಆಕೆ ಕೂತುಬಿಟ್ಟಿದ್ದಳು. ಎದಿಯಾಗ ಏನೋ ಹಾರಿದಂಗ ಆಗತೈತಿ, ನೀವು ಹೋಗಿ ಬರ್ರಿ ಅಂದಿದ್ದಳು. ನಮ್ಮ ಅಣ್ಣನ ಮನಿಗೆ ಬರಾಕ ಮನಸಿಲ್ಲ ಅಂದ್ರ ನೇರ ಹೇಳು, ಎದಿ ಗಿದಿ ಅಂತ ನೆಪ ಬ್ಯಾಡ ಎಂದು ನಾನು ಜನರ ನಡುವೆ ಹೇಳಿದ್ದೆ. ಆಕೆ ಎದ್ದು ಬಸ್ಸು ಹತ್ತಿದ್ದಳು. ಬಸ್ಸು ತುಂಬಿತ್ತು. ಕುರುಗೋಡಿನ ತನಕ ಕಂಬಿ ಹಿಡಿದು ನಿಂತೇ ಬಂದಿದ್ದಳು.

ಡಾಕ್ಟರು ಬರೆಯುವುದನ್ನು ನಿಲ್ಲಿಸಿ ನನ್ನ ಮುಖ ನೋಡಿದರು.

"ಹೌದ್ರಿ" ಎಂದೆ. "ಹೇಳಿದ್ಲು."